ಪ್ರಮೇಯ ಬಾಯಿಪಾಠವಿದೆ, ಅಕ್ಷರ ಬದಲಾದರೆ ಬರುವುದಿಲ್ಲ: ತಿಳಿದು ಕಲಿತದ್ದನ್ನು ಹೇಗೆ ಗುರುತಿಸುವುದು?

ಶಿರಸಿಯ ಗಣಿತ ಶಿಕ್ಷಕಿ

ಪ್ರೌಢಶಾಲೆಯಲ್ಲಿ ಕಲಿಸುವವರು, ಆ ವಯಸ್ಸಿನ ಮಕ್ಕಳಿರುವ ಪಾಲಕರು ಮತ್ತು ಈ ವಿಷಯದಲ್ಲಿ ಆಸಕ್ತಿಯಿರುವ ಎಲ್ಲರ ಅಭಿಪ್ರಾಯ ಕೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಪೈಥಾಗೊರಸ್ ಪ್ರಮೇಯವನ್ನು ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ಕ್ರಮದಲ್ಲಿ ಒಂದಕ್ಷರ ತಪ್ಪದೆ ಬರೆಯುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ತ್ರಿಭುಜಕ್ಕೆ ಎ, ಬಿ, ಸಿ ಎಂಬ ಹೆಸರಿನ ಬದಲು ಪಿ, ಕ್ಯೂ, ಆರ್ ಎಂದು ಹೆಸರಿಟ್ಟು, ಲಂಬಕೋನವನ್ನು ಎಡಮೂಲೆಯಿಂದ ಮೇಲಕ್ಕೆ ಒಯ್ದು, ವಿಕರ್ಣವು ಕೆಳಗೆ ಅಡ್ಡಲಾಗಿ ಬರುವಂತೆ ಚಿತ್ರ ಬರೆದುಕೊಟ್ಟರೆ ಅವರಲ್ಲಿ ಹಲವರ ಪೆನ್ನು ಮೊದಲ ಸಾಲಿನಲ್ಲಿಯೇ ನಿಲ್ಲುತ್ತದೆ. ಪ್ರಮೇಯದಲ್ಲಿ ಏನೂ ಬದಲಾಗಿರುವುದಿಲ್ಲ, ಕಾಗದ ತಿರುಗಿರುತ್ತದೆ, ಅಷ್ಟೇ.

ಇನ್ನೊಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ ಎಂದರೆ ಎಲ್ಲರೂ ಭಾಜಕವನ್ನು ತಲೆಕೆಳಗು ಮಾಡಿ ಗುಣಿಸಿ ಮೂರೂವರೆ ಎಂಬ ಸರಿಯುತ್ತರವನ್ನು ಬರೆಯುತ್ತಾರೆ. ಅದನ್ನೇ ಹೀಗೆ ಕೇಳಿದೆ: ಪಾತ್ರೆಯಲ್ಲಿ ಒಂದೂಮುಕ್ಕಾಲು ಲೀಟರ್ ಮುರುಗಲ ಪಾನಕದ ಪಾಕವಿದೆ, ಬಾಟಲಿಯೊಂದಕ್ಕೆ ಅರ್ಧ ಲೀಟರ್ ಹಿಡಿಯುತ್ತದೆ, ಮೂರು ಬಾಟಲಿ ತುಂಬಿದ ಮೇಲೆ ಪಾತ್ರೆಯಲ್ಲಿ ಎಷ್ಟು ಉಳಿಯುತ್ತದೆ? ಉತ್ತರ ಮೂರೂವರೆ ಬಂದಿದೆಯಲ್ಲ, ಆದ್ದರಿಂದ ಅರ್ಧ ಲೀಟರ್ ಉಳಿಯುತ್ತದೆ ಎಂದು ತರಗತಿಯ ಬಹುಪಾಲು ಮಕ್ಕಳು ಹೇಳಿದರು. ಅರ್ಧ ಲೀಟರ್ ಉಳಿದಿದ್ದರೆ ನಾಲ್ಕನೆಯ ಬಾಟಲಿಯೂ ತುಂಬಬೇಕಿತ್ತಲ್ಲ ಎಂದಾಗ ಸ್ವಲ್ಪ ಹೊತ್ತು ಗದ್ದಲವಾಯಿತು. ಉಳಿದದ್ದು ಕಾಲು ಲೀಟರ್. ಅದು ಬಾಟಲಿಯ ಅರ್ಧ. ಮೂರೂವರೆ ಎಂಬ ಉತ್ತರ ಲೀಟರನ್ನು ಎಣಿಸುತ್ತಿಲ್ಲ, ಬಾಟಲಿಯನ್ನು ಎಣಿಸುತ್ತಿದೆ ಎಂಬುದು ಐದನೆಯ ತರಗತಿಯಿಂದ ಭಿನ್ನರಾಶಿಯ ಲೆಕ್ಕ ಮಾಡುತ್ತ ಬಂದವರಿಗೂ ಹೊಳೆದಿರಲಿಲ್ಲ.

ನಾನು ಬಾಯಿಪಾಠದ ವಿರೋಧಿಯಲ್ಲ. ಮಗ್ಗಿ ಬಾರದ ಮಗುವಿಗೆ ಅಪವರ್ತನ ಕಲಿಸುವ ಕಷ್ಟ ಏನೆಂದು ಗಣಿತ ಕಲಿಸುವ ಎಲ್ಲರಿಗೂ ಗೊತ್ತಿದೆ. ನನ್ನ ತಕರಾರು ಇರುವುದು ಬಾಯಿಪಾಠವಾದ ನಂತರ ಒಂದು ಅಂಶವನ್ನು ಬದಲಿಸಿ ಮತ್ತೆ ಪ್ರಶ್ನೆ ಕೇಳುವ ಪದ್ಧತಿ ಶಾಲೆಯಲ್ಲಿಯೂ ಇಲ್ಲ, ಟ್ಯೂಶನ್ನಿನಲ್ಲಿಯೂ ಇಲ್ಲ, ಮನೆಯಲ್ಲಿಯೂ ಇಲ್ಲ ಎಂಬ ಬಗ್ಗೆ. ನಿಮ್ಮ ನಿಮ್ಮ ಕೆಲಸದಲ್ಲಿ, ಒಬ್ಬರು ತಿಳಿದು ಮಾಡುತ್ತಿದ್ದಾರೋ ಹೇಳಿದ್ದನ್ನು ಒಪ್ಪಿಸುತ್ತಿದ್ದಾರೋ ಎಂದು ನೀವು ಹೇಗೆ ಪತ್ತೆಹಚ್ಚುತ್ತೀರಿ?

ಕುಮಟಾದ ಪಾಲಕ

ಅಕ್ಕೋರ ಮಾತನ್ನು ಗೌರವದಿಂದಲೇ ಓದಿದೆ. ಆದರೆ ಪಾಲಕರ ಕಡೆಯಿಂದ ಒಂದು ಮಾತು ಹೇಳಲೇಬೇಕಾಗಿದೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಎಷ್ಟು ಎಂಬ ಪ್ರಶ್ನೆಯನ್ನು ಕಾಲೇಜಿನವರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ವಿದ್ಯಾರ್ಥಿವೇತನದ ಅರ್ಜಿಯೂ ಕೇಳುತ್ತದೆ. ಬಾಟಲಿಯಲ್ಲಿ ಉಳಿದ ಪಾಕ ಎಷ್ಟೆಂದು ಯಾರೂ ಕೇಳುವುದಿಲ್ಲ. ಪ್ರಮೇಯವನ್ನು ಪಠ್ಯದಲ್ಲಿರುವಂತೆಯೇ ಬರೆದರೆ ಪೂರ್ಣ ಅಂಕ ಸಿಗುತ್ತದೆ ಎಂಬುದು ಖಚಿತವಾಗಿರುವಾಗ, ತಿಳಿದುಕೊಂಡು ಸ್ವಂತವಾಗಿ ಬರೆಯುವ ಮಗು ಒಂದು ಹೆಜ್ಜೆಯನ್ನು ಬಿಟ್ಟು ಅರ್ಧ ಅಂಕ ಕಳೆದುಕೊಳ್ಳುವ ಅಪಾಯವನ್ನು ಯಾಕೆ ತೆಗೆದುಕೊಳ್ಳಬೇಕು? ಪರೀಕ್ಷೆಯ ಪದ್ಧತಿಯನ್ನು ಬದಲಿಸದೆ ಕಲಿಯುವ ಪದ್ಧತಿಯನ್ನು ಮಾತ್ರ ಬದಲಿಸಿ ಎಂದರೆ ಅದರ ಬೆಲೆಯನ್ನು ತೆರುವವರು ನಮ್ಮ ಮಕ್ಕಳು. ತಿಳಿವಳಿಕೆ ಆಮೇಲೂ ಬರಬಹುದು, ಪಿಯುಸಿ ಸೀಟು ಆಮೇಲೆ ಬರುವುದಿಲ್ಲ.

ಯಲ್ಲಾಪುರ ತಾಲೂಕಿನ ಪ್ರೌಢಶಾಲಾ ಶಿಕ್ಷಕ

ಕುಮಟಾದವರು ಅಂಕದ ಮೇಲ್ತುದಿಯಲ್ಲಿ ನಿಂತು ಮಾತನಾಡಿದ್ದಾರೆ, ನಾನು ಕೆಳತುದಿಯಿಂದ ಮಾತನಾಡುತ್ತೇನೆ. ಪಾಸಿಂಗ್ ಪ್ಯಾಕೇಜ್ ಎಂಬ ಹೆಸರಿನ ನಾಲ್ಕು ಹಾಳೆಗಳನ್ನು ಪೇಟೆಯ ಶಾಲೆಯವರು ಹಾಸ್ಯ ಮಾಡುವುದುಂಟು. ಕಾಡಿನ ನಡುವಿನ ಊರಿನಿಂದ ಬಂದು, ಮನೆಯಲ್ಲಿ ಬೇರೆ ಭಾಷೆಯನ್ನಾಡಿ, ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ವಾರಗಟ್ಟಲೆ ಶಾಲೆ ತಪ್ಪಿಸಿಕೊಂಡ ಹುಡುಗನಿಗೆ ಜನವರಿಯಲ್ಲಿ ನಾನು ತ್ರಿಕೋನಮಿತಿಯನ್ನು ಬುಡದಿಂದ ತಿಳಿಸಿಕೊಡಲಾರೆ. ಎರಡು ಪ್ರಮೇಯ, ಒಂದು ನಕ್ಷೆ, ಕೆಲವು ಸೂತ್ರಗಳನ್ನು ಬಾಯಿಪಾಠ ಮಾಡಿಸಿದರೆ ಅವನು ಪಾಸಾಗುತ್ತಾನೆ, ಐಟಿಐ ಸೇರುತ್ತಾನೆ. ಅಲ್ಲಿ ತಿರುಪು, ಅಳತೆ, ಕೋನ ಎಲ್ಲವೂ ಕೈಗೆ ಸಿಕ್ಕ ಮೇಲೆ ಅವನಿಗೆ ಅದೇ ಗಣಿತ ತಿಳಿಯಲೂಬಹುದು. ಬಾಯಿಪಾಠವನ್ನು ಬೈಯುವ ಮೊದಲು ಅದು ಯಾರಿಗೆ ಯಾವ ಬಾಗಿಲು ತೆರೆದಿದೆ ಎಂಬುದನ್ನೂ ನೋಡಬೇಕು.

ಹಾಗೆಂದು ಇದೇ ಸರಿಯೆಂದು ನಾನು ಹೇಳುತ್ತಿಲ್ಲ. 1993ರಲ್ಲಿ ಯಶ್‌ಪಾಲ್ ಸಮಿತಿಯು ಚೀಲದ ಭಾರಕ್ಕಿಂತ ಅರ್ಥವಾಗದಿರುವುದರ ಭಾರವೇ ಮಕ್ಕಳಿಗೆ ಹೆಚ್ಚಿನದು ಎಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಕಂಠಪಾಠದಿಂದ ಬೇರ್ಪಡಿಸಬೇಕೆಂದಿತು, 2020ರ ಶಿಕ್ಷಣ ನೀತಿಯೂ ಅದನ್ನೇ ಹೇಳಿತು. ನಮ್ಮ ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿಯೂ ಸ್ಮರಣೆ, ಗ್ರಹಿಕೆ, ಅನ್ವಯ, ಕೌಶಲ ಎಂಬ ಕಾಲಮ್ಮುಗಳು ಇದ್ದೇ ಇವೆ. ಆದರೆ ಅನ್ವಯದ ಪ್ರಶ್ನೆಯೊಂದು ಒಂದು ವರ್ಷ ಬಂದರೆ ಮರುವರ್ಷ ಅದು ಎಲ್ಲ ಗೈಡುಗಳಲ್ಲಿ ಉತ್ತರಸಮೇತ ಅಚ್ಚಾಗಿರುತ್ತದೆ, ಆಮೇಲೆ ಅದೂ ಸ್ಮರಣೆಯ ಪ್ರಶ್ನೆಯೇ.

ಶಿರಸಿ ಕಡೆಯ ಅಡಿಕೆ ಬೆಳೆಗಾರ

ಶಿಕ್ಷಣದ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗಿಲ್ಲವಾದರೂ, ಅಕ್ಕೋರು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ತೋಟದಿಂದ ಉತ್ತರ ಕೊಡಬಹುದು ಎನಿಸಿತು. ಮಳೆ ಹಿಡಿಯುವ ಮುನ್ನ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ಬಾಯಿಪಾಠದ ಲೆಕ್ಕ. ಮೈಲುತುತ್ತವನ್ನು ಐವತ್ತು ಲೀಟರಿನಲ್ಲಿ, ಸುಣ್ಣವನ್ನು ಐವತ್ತು ಲೀಟರಿನಲ್ಲಿ ಬೇರೆ ಬೇರೆಯಾಗಿ ಕಲಸಿಕೊಂಡು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕದಡಬೇಕು. ಸುಣ್ಣದ ನೀರನ್ನು ಮೈಲುತುತ್ತಕ್ಕೆ ಸುರಿಯಬಾರದು, ಕಬ್ಬಿಣದ ಡ್ರಮ್ಮು ಬಳಸಬಾರದು, ಕಲಸಿದ್ದನ್ನು ಮರುದಿನಕ್ಕೆ ಇಡಬಾರದು.

ಈ ಲೆಕ್ಕವನ್ನು ಬಾಯಿಪಾಠ ಮಾಡಿದವನು ಎಲ್ಲಿ ಸಿಕ್ಕಿಬೀಳುತ್ತಾನೆಂದರೆ, ಸುಣ್ಣದಲ್ಲಿ. ಅಂಗಡಿಯಿಂದ ತಂದ ಸುಣ್ಣ ಹಳೆಯದಾಗಿದ್ದರೆ, ಗಾಳಿ ತಾಗಿ ಸತ್ವ ಕಳೆದುಕೊಂಡಿದ್ದರೆ, ಕಲ್ಲು ಹೆಚ್ಚಿದ್ದರೆ ಒಂದು ಕಿಲೋ ಎಂಬುದು ನಿಜವಾಗಿ ಒಂದು ಕಿಲೋ ಆಗಿರುವುದಿಲ್ಲ. ಆದ್ದರಿಂದ ಹಿರಿಯರು ಕಲಸಿದ ಮೇಲೆ ಉಜ್ಜಿ ಬೆಳಗಿದ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿದು ನೋಡುತ್ತಾರೆ. ಕತ್ತಿಯ ಮೇಲೆ ಕೆಂಪುಗಂದು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಹಾಕಿ, ಕತ್ತಿಯನ್ನು ಮತ್ತೆ ಉಜ್ಜಿ, ಮತ್ತೆ ಅದ್ದಬೇಕು. ಕತ್ತಿ ಹಾಗೆಯೇ ಹೊಳೆಯುತ್ತಿದ್ದರೆ ಔಷಧಿ ಹೊಡೆಯುವ ಕೊನೆಗೌಡರನ್ನು ಮರ ಹತ್ತಿಸಬಹುದು. ಇಲ್ಲವಾದರೆ ಮೈಲುತುತ್ತ ಹೆಚ್ಚಾಗಿ ಎಳೆಯ ಕಾಯಿಯೇ ಸುಡುತ್ತದೆ.

ನಮ್ಮ ಮನೆಯ ಹುಡುಗ ಹತ್ತನೆಯ ತರಗತಿ. ವಿಜ್ಞಾನದ ಮೊದಲ ಪಾಠದಲ್ಲಿಯೇ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಪ್ಪತ್ತು ನಿಮಿಷ ಇಡುವ ಪ್ರಯೋಗವಿದೆ. ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ್ದರಿಂದ ತಾಮ್ರವನ್ನು ಸ್ಥಾನಪಲ್ಲಟಗೊಳಿಸುತ್ತದೆ ಎಂದು ಅವನು ಗಟ್ಟಿಯಾಗಿ ಓದುತ್ತಿದ್ದ. ಅಂಗಳದಲ್ಲಿ ಅದೇ ಹೊತ್ತಿಗೆ ಕತ್ತಿ ಅದ್ದುವ ಕೆಲಸ ನಡೆದಿತ್ತು. ಮೈಲುತುತ್ತ ಎಂದರೆ ಅವನ ಪುಸ್ತಕದ ತಾಮ್ರದ ಸಲ್ಫೇಟೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಪುಸ್ತಕದಲ್ಲಿ ಅಂಥದೊಂದು ಕಾರಣವಿದೆಯೆಂದು ನಮಗೂ ಯಾರೂ ಹೇಳಿರಲಿಲ್ಲ. ಒಂದು ಕತ್ತಿಯ ಎರಡು ಕಡೆಗೆ ಇಬ್ಬರು ನಿಂತಿದ್ದೆವು. ಕಬ್ಬಿಣದ ಡ್ರಮ್ಮು ಏಕೆ ಬೇಡ ಎಂಬುದಕ್ಕೂ ಅದೇ ಕಾರಣ ಎಂಬುದನ್ನು ಆಮೇಲೆ ಅವನೇ ಕಂಡುಕೊಂಡ. ಆದ್ದರಿಂದ ನನ್ನ ಉತ್ತರ ಇಷ್ಟು: ಸುಣ್ಣ ಕೆಟ್ಟಿದ್ದಾಗ ಏನು ಮಾಡಬೇಕೆಂದು ಗೊತ್ತಿರುವವನು ತಿಳಿದವನು, ಸುಣ್ಣ ಒಳ್ಳೆಯದಿದ್ದಾಗ ಎಲ್ಲರೂ ಒಂದೇ.

ಗೋಕರ್ಣದ ಓದುಗ

ಚಿಕ್ಕಂದಿನಲ್ಲಿ ಕೆಲವು ವರ್ಷ ವೇದಾಧ್ಯಯನ ಮಾಡಿದವನಾಗಿ ಒಂದು ಆಕ್ಷೇಪವನ್ನು ದಾಖಲಿಸುತ್ತೇನೆ. ಕಂಠಪಾಠವೆಂದರೆ ಬುದ್ಧಿಯಿಲ್ಲದ ಕೆಲಸ ಎಂಬ ಧಾಟಿ ಇಂಥ ಚರ್ಚೆಗಳಲ್ಲಿ ಮೆಲ್ಲಗೆ ನುಸುಳುತ್ತದೆ. ಮಂತ್ರವನ್ನು ಪದ ಪದವಾಗಿ ಬಿಡಿಸಿ ಹೇಳುವ ಪದಪಾಠವಾದ ಮೇಲೆ ಕ್ರಮ, ಜಟೆ, ಘನ ಎಂದು ಪಾಠದ ವಿಧಗಳು ಮುಂದುವರಿಯುತ್ತವೆ. ಜಟೆಯಲ್ಲಿ ಒಂದು ಎರಡು, ಎರಡು ಒಂದು, ಒಂದು ಎರಡು ಎಂದು ಪದಗಳನ್ನು ಹಿಂದೆ ಮುಂದೆ ಹೆಣೆದು ಹೇಳಬೇಕು. ಘನದಲ್ಲಿ ಮೂರು ಪದಗಳ ಹೆಣಿಗೆ. ಒಂದು ಪದ ಬಿಟ್ಟುಹೋದರೆ, ಒಂದು ಸ್ವರ ಜಾರಿದರೆ ಆ ಹೆಣಿಗೆಯೇ ತಪ್ಪನ್ನು ತೋರಿಸಿಕೊಡುತ್ತದೆ. ಬರವಣಿಗೆಯ ನೆರವಿಲ್ಲದೆ ಪಠ್ಯವೊಂದನ್ನು ತಲೆಮಾರುಗಳ ಆಚೆಗೆ ಬದಲಾಗದಂತೆ ದಾಟಿಸುವುದೇ ಅಲ್ಲಿಯ ಉದ್ದೇಶ, ಮತ್ತು ಆ ಉದ್ದೇಶಕ್ಕೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ತೋರುವುದಿಲ್ಲ.

ಆದರೆ ಅದೇ ಪರಂಪರೆ ಅರ್ಥದ ಕೆಲಸವನ್ನು ಕಂಠಪಾಠಕ್ಕೆ ವಹಿಸಲಿಲ್ಲ ಎಂಬುದನ್ನೂ ಹೇಳಬೇಕು. ವೇದವನ್ನು ಓದಿ ಅರ್ಥ ತಿಳಿಯದವನು ಹೊರೆ ಹೊತ್ತ ಕಂಬದಂತೆ ಎಂಬ ಮಾತು ಯಾಸ್ಕನ ನಿರುಕ್ತದಲ್ಲಿಯೇ ಇದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ಸಾಯಣಾಚಾರ್ಯರು ಭಾಷ್ಯ ಬರೆಯಬೇಕಾಗಿ ಬಂದದ್ದೂ ಪಾಠ ಬೇರೆ, ಅರ್ಥ ಬೇರೆ ಎಂಬುದು ತಿಳಿದಿದ್ದರಿಂದಲೇ. ಏನೂ ಬದಲಾಗಬಾರದು ಎಂಬಲ್ಲಿ ಕಂಠಪಾಠ ಸರಿ. ರಸಾಯನಶಾಸ್ತ್ರಕ್ಕೂ ಅದೇ ವಿಧಾನವನ್ನು ಹಚ್ಚಿದವರು ನಮ್ಮ ಪೂರ್ವಿಕರಲ್ಲ, ಗೈಡು ಅಚ್ಚು ಹಾಕಿಸುವವರು.

ಹೊನ್ನಾವರದ ತಾಳಮದ್ದಳೆ ಆಸಕ್ತ

ಗೋಕರ್ಣದವರ ಮಾತಿಗೆ ಪೂರಕವಾಗಿ ಒಂದಿಷ್ಟು. ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಬರೆದಿಟ್ಟದ್ದು, ಅದನ್ನು ಬದಲಿಸುವಂತಿಲ್ಲ. ಆ ಪದ್ಯಕ್ಕೆ ಅರ್ಥಧಾರಿ ಆಡುವ ಮಾತು ಮಾತ್ರ ಎಲ್ಲಿಯೂ ಬರೆದಿಟ್ಟದ್ದಲ್ಲ, ಅಲ್ಲಿಯೇ ಹುಟ್ಟಬೇಕಾದದ್ದು. ವಾಲಿವಧೆಯಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆಂಬುದು ರಾಮನ ಅರ್ಥ ಹೇಳುವವರಿಗೆ ಮೊದಲೇ ಗೊತ್ತು. ಯಾವ ದಿಕ್ಕಿನಿಂದ ಕೇಳುತ್ತಾನೆಂಬುದು ಗೊತ್ತಿಲ್ಲ. ಒಬ್ಬ ವಾಲಿ ಕ್ಷತ್ರಿಯಧರ್ಮದಿಂದ ಹಿಡಿದರೆ ಇನ್ನೊಬ್ಬ ವಾಲಿ, ನನ್ನನ್ನು ಕೇಳಿದ್ದರೆ ಸೀತೆಯನ್ನು ನಾನೇ ತಂದುಕೊಡುತ್ತಿದ್ದೆನಲ್ಲ ಎಂಬಲ್ಲಿಂದ ಹಿಡಿಯುತ್ತಾನೆ. ಬಾಯಿಪಾಠ ಮಾಡಿಕೊಂಡು ಬಂದ ಹೊಸಬರು ಸಿಗುವುದು ಇಲ್ಲಿಯೇ: ಎದುರಿನವರು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತ ಕೂರುತ್ತಾರೆ, ಸಭೆಗೆ ತಕ್ಷಣ ಗೊತ್ತಾಗುತ್ತದೆ.

ಹಾಗಿದ್ದೂ ಒಳ್ಳೆಯ ಅರ್ಥಧಾರಿಗಳ ಬಾಯಲ್ಲಿ ಪದ್ಯಗಳು, ಶ್ಲೋಕಗಳು, ಉಪಕಥೆಗಳು ನೂರಾರು ಇರುತ್ತವೆ ಎಂಬುದನ್ನು ಮರೆಯಬಾರದು. ನೆನಪಿನ ಸಾಮಗ್ರಿಯೇ ಇಲ್ಲದವರು ಸ್ಥಳದಲ್ಲಿ ಏನನ್ನೂ ಕಟ್ಟಲಾರರು. ಎದುರಿಗೆ ಒಬ್ಬ ವಾಲಿ ಕುಳಿತಿರುವುದರಿಂದಲೇ ಆ ಸಾಮಗ್ರಿ ಜೀವಂತವಾಗಿರುತ್ತದೆ. ಶಾಲೆಯಲ್ಲಿ ವಾಲಿಯ ಪಾತ್ರ ಶಿಕ್ಷಕರದ್ದಾಗಬೇಕಿತ್ತು, ಈಗ ಅವರೂ ಭಾಗವತಿಕೆಯನ್ನೇ ಮಾಡುತ್ತಿದ್ದಾರೆ.

ಯಲ್ಲಾಪುರ ತಾಲೂಕಿನ ಪ್ರೌಢಶಾಲಾ ಶಿಕ್ಷಕ

ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬನೇ ವಾಲಿಯಾಗುವುದು ಕಷ್ಟ, ಹೊನ್ನಾವರದವರು ಒಮ್ಮೆ ಬಂದು ನೋಡಬೇಕು.

ಕಾರವಾರದ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ಚರ್ಚೆ ಒಳ್ಳೆಯ ದಾರಿಯಲ್ಲಿದೆ. ಭೌತಶಾಸ್ತ್ರದಲ್ಲಿ ಈ ರೋಗದ ಪ್ರಸಿದ್ಧ ವರದಿ ಬ್ರೆಜಿಲ್ಲಿನದು. 1950ರ ದಶಕದ ಆರಂಭದಲ್ಲಿ ರಿಯೊ ಡಿ ಜನೈರೊದಲ್ಲಿ ಪಾಠ ಮಾಡಿದ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ನರಿಗೆ, ಬೆಳಕು ಪಾರದರ್ಶಕ ವಸ್ತುವಿನ ಮೇಲ್ಮೈಯಿಂದ ಪ್ರತಿಫಲಿಸಿದಾಗ ಯಾವ ಕೋನದಲ್ಲಿ ಪೂರ್ಣವಾಗಿ ಧ್ರುವೀಕರಣಗೊಳ್ಳುತ್ತದೆ (ಅಂದರೆ ಅದರ ಕಂಪನ ಒಂದೇ ದಿಕ್ಕಿಗೆ ಸೀಮಿತವಾಗುತ್ತದೆ) ಎಂಬುದನ್ನು ಅಲ್ಲಿಯ ವಿದ್ಯಾರ್ಥಿಗಳು ತಡವರಿಸದೆ ಹೇಳಿದರು. ಆ ಕೋನದ ಟ್ಯಾಂಜೆಂಟ್ ವಕ್ರೀಭವನ ಸೂಚ್ಯಂಕಕ್ಕೆ ಸಮ ಎಂಬುದೂ ಅವರಿಗೆ ಗೊತ್ತಿತ್ತು. ಆದರೆ ಕೈಯಲ್ಲಿ, ಒಂದೇ ದಿಕ್ಕಿನ ಕಂಪನದ ಬೆಳಕನ್ನು ಮಾತ್ರ ಹಾಯಗೊಡುವ ಪೋಲರಾಯ್ಡ್ ಹಾಳೆ ಹಿಡಿದಿದ್ದ ಅದೇ ವಿದ್ಯಾರ್ಥಿಗಳಿಗೆ, ಕಿಟಕಿಯಾಚೆ ಕಾಣುವ ಕೊಲ್ಲಿಯ ನೀರಿನಿಂದ ಬರುವ ಬೆಳಕೂ ಹಾಗೆ ಪ್ರತಿಫಲಿಸಿದ ಬೆಳಕೇ ಎಂಬುದು ಹೊಳೆದಿರಲಿಲ್ಲ. ಅವರ ಪಾಠದಲ್ಲಿ ಮೇಲ್ಮೈ ಎಂಬ ಪದವಿತ್ತು, ನೀರಿರಲಿಲ್ಲ.

ಕಾರವಾರದವರಾದ ನಮಗೆ ಇದನ್ನು ಪರೀಕ್ಷಿಸುವುದು ಸುಲಭ. ನೀರಿನ ವಕ್ರೀಭವನ ಸೂಚ್ಯಂಕ 1.33, ಅದಕ್ಕೆ ತಕ್ಕ ಕೋನ ಲಂಬದಿಂದ ಸುಮಾರು 53 ಡಿಗ್ರಿ. ಅಂದರೆ ಸೂರ್ಯ ದಿಗಂತದಿಂದ 37 ಡಿಗ್ರಿ ಎತ್ತರದಲ್ಲಿರಬೇಕು. ಮಾರ್ಚ್ ತಿಂಗಳ ಉತ್ತರಾರ್ಧದಲ್ಲಿ, ಅಂದರೆ ಪರೀಕ್ಷೆಯ ದಿನಗಳಲ್ಲಿ, ನಮ್ಮ ಕಡಲತೀರದಲ್ಲಿ ಸಂಜೆ ನಾಲ್ಕರ ಸುಮಾರಿಗೆ ಸೂರ್ಯ ಅಲ್ಲಿರುತ್ತಾನೆ. ಪೋಲರಾಯ್ಡ್ ತಂಪುಕನ್ನಡಕವನ್ನು ಕೈಯಲ್ಲಿ ಹಿಡಿದು ನೀರಿನ ಥಳಥಳಿಕೆಯನ್ನು ಅದರ ಮೂಲಕ ನೋಡುತ್ತ ನಿಧಾನವಾಗಿ ತಿರುಗಿಸಿದರೆ ಹೊಳಪು ಒಂದು ಸ್ಥಿತಿಯಲ್ಲಿ ಬಹುಮಟ್ಟಿಗೆ ಅಳಿದು, ಕಾಲು ಸುತ್ತು ತಿರುಗಿಸಿದಾಗ ಮತ್ತೆ ಬರುತ್ತದೆ. ಅಲೆಯಿರುವುದರಿಂದ ಪೂರ್ತಿ ಅಳಿಯುವುದಿಲ್ಲ, ಏಕೆ ಅಳಿಯುವುದಿಲ್ಲ ಎಂಬುದು ಮುಂದಿನ ಪ್ರಶ್ನೆ. ಮಧ್ಯಾಹ್ನ ಹನ್ನೆರಡೂವರೆಗೆ ಅದೇ ಪ್ರಯೋಗ ಮಾಡಿದರೆ ಏನಾಗುತ್ತದೆ ಎಂಬುದು ಅದರ ಮುಂದಿನದು. ನಾನು ಪಾಠ ಮಾಡುತ್ತಿದ್ದ ವರ್ಷಗಳಲ್ಲಿ, ಈ ಕೋನವನ್ನು ಹೇಳುವ ಬ್ರೂಸ್ಟರನ ನಿಯಮಕ್ಕೆ ಎಷ್ಟು ಅಂಕ ಎಂದು ಕೇಳಿದವರೇ ಹೆಚ್ಚು, ಬಂದರಿನ ಕಡೆ ತಿರುಗಿ ನೋಡಿದವರು ಕಡಿಮೆ.

ಕುಮಟಾದವರು ಎತ್ತಿದ ಅಂಕದ ಪ್ರಶ್ನೆಗೂ ಉತ್ತರ ಕೊಡಬೇಕು. ತಿಳಿದುಕೊಳ್ಳುವುದಕ್ಕೆ ಸಮಯ ಹೆಚ್ಚು ಬೇಕು, ಬಾಯಿಪಾಠಕ್ಕೆ ಕಡಿಮೆ ಸಾಕು ಎಂದು ನಾವೆಲ್ಲ ಊಹಿಸಿಕೊಂಡಿದ್ದೇವೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆಂದು ಅಳೆದ. ಅಷ್ಟೇ ಉದ್ದದ, ಅರ್ಥವಿರುವ ಪದ್ಯವನ್ನು ಕಲಿಯಲು ಅವನಿಗೆ ಅದರ ಹತ್ತನೆಯ ಒಂದು ಪಾಲು ಶ್ರಮ ಸಾಕಾಯಿತು. 1973ರಲ್ಲಿ ಚೇಸ್ ಮತ್ತು ಸೈಮನ್ ಚದುರಂಗದ ಆಟಗಾರರ ಮೇಲೆ ಮಾಡಿದ ಪ್ರಯೋಗವೂ ಇದೇ ಕಡೆಗೆ ಬೆರಳು ತೋರಿಸುತ್ತದೆ: ನಿಜವಾದ ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡು ತೋರಿಸಿದರೆ ನುರಿತ ಆಟಗಾರ ಹೆಚ್ಚಿನ ಕಾಯಿಗಳನ್ನು ಅವುಗಳ ಜಾಗದಲ್ಲಿಯೇ ಮರಳಿ ಇಡುತ್ತಾನೆ, ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದರೆ ಅವನ ನೆನಪೂ ಹೊಸಬನ ಮಟ್ಟಕ್ಕೆ ಇಳಿಯುತ್ತದೆ. ನೆನಪಿನ ಶಕ್ತಿ ಅವನಲ್ಲಿ ಬೇರೆಯಾಗಿ ಕೂತಿಲ್ಲ, ಆಟದ ತಿಳಿವಳಿಕೆಯೇ ನೆನಪನ್ನು ಹಿಡಿದಿದೆ. ಆದ್ದರಿಂದ ಅಂಕಕ್ಕಾಗಿಯಾದರೂ ತಿಳಿದುಕೊಳ್ಳುವುದೇ ಲಾಭ ಎಂಬುದು ನನ್ನ ವಾದ. (ಬೋರ್ಡೋ ದ್ರಾವಣದ ವಿಷಯವನ್ನು ಫ್ರಾನ್ಸಿನ ಮಿಲಾರ್ಡೆ ಪ್ರಕಟಿಸಿದ್ದೂ 1885ರಲ್ಲಿಯೇ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ಶಿರಸಿಯವರು ನೆನಪಿಸಿದ್ದಕ್ಕೆ ಬರೆದೆ.)

ತದಡಿಯ ಓದುಗ

ಮುಕ್ಕಾಲು ಮಗ್ಗಿ ಕಲಿತ ಕೊನೆಯ ತಲೆಮಾರಿನವರು ನಮ್ಮ ತಂದೆ. ಮುಕ್ಕಾಲು, ಒಂದೂವರೆ, ಎರಡೂಕಾಲು, ಮೂರು ಎಂದು ರಾಗವಾಗಿ ಹೇಳುತ್ತಿದ್ದರು. ಅದರ ಉಪಯೋಗವಿದ್ದದ್ದು ದೋಣಿಯಲ್ಲಿ. ಅಮಾವಾಸ್ಯೆಯ ದಿನ ನಮ್ಮ ಅಳಿವೆಯಲ್ಲಿ ಭರತ, ಅಂದರೆ ಕಡಲಿನ ಉಬ್ಬರ, ಎಷ್ಟು ಹೊತ್ತಿಗೆ ಎಂಬುದು ಗೊತ್ತಿದ್ದರೆ, ಮುಂದೆ ಎಷ್ಟನೆಯ ತಿಥಿಯೋ ಅದನ್ನು ಮುಕ್ಕಾಲರಿಂದ ಗುಣಿಸಿ ಅಷ್ಟು ಗಂಟೆಯನ್ನು ಕೂಡಿಸಿದರೆ ಆ ದಿನದ ಭರತದ ಹೊತ್ತು ಸಿಗುತ್ತದೆ. ಕೊಂಕಣ ಕರಾವಳಿಯ ಮೀನುಗಾರರಲ್ಲಿ ಇದು ಹಳೆಯ ಲೆಕ್ಕ. ಅವರದ್ದು ಬಾಯಿಪಾಠವೋ ತಿಳಿವಳಿಕೆಯೋ ಎಂದು ಈ ಚರ್ಚೆ ಓದಿದ ಮೇಲೆ ನನಗೆ ಸಂಶಯ ಬಂದಿದೆ. ಮುಕ್ಕಾಲೇ ಏಕೆ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ.

ಕಾರವಾರದ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ತದಡಿಯವರ ಪ್ರಶ್ನೆ ಈ ಚರ್ಚೆಗೆ ಸಿಕ್ಕ ದೊಡ್ಡ ಲಾಭ. ಪಂಚಾಂಗದ ತಿಥಿಯೆಂದರೆ ಚಂದ್ರನು ಸೂರ್ಯನಿಂದ 12 ಡಿಗ್ರಿ ದೂರ ಸರಿಯಲು ತೆಗೆದುಕೊಳ್ಳುವ ಕಾಲ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ನಿನ್ನೆ ಚಂದ್ರನಿಗೆ ಎದುರಾಗಿದ್ದ ನಮ್ಮ ಕಡಲತೀರವು ಇಂದು ಮತ್ತೆ ಅವನಿಗೆ ಎದುರಾಗಬೇಕಾದರೆ ಅವನು ಮುಂದೆ ಸರಿದ ಆ 12 ಡಿಗ್ರಿಯನ್ನೂ ಹೆಚ್ಚಾಗಿ ತಿರುಗಬೇಕು. ಹನ್ನೆರಡು ನಾಲ್ಕಲೆ ನಲವತ್ತೆಂಟು ನಿಮಿಷ. ಅದಕ್ಕೆ ಹತ್ತಿರದ, ಮಗ್ಗಿಯಲ್ಲಿ ಹೇಳಲು ಬರುವ ಭಿನ್ನರಾಶಿ ಮುಕ್ಕಾಲು ಗಂಟೆ.

ಇಷ್ಟು ತಿಳಿದ ಮೇಲೆ ಲೆಕ್ಕದ ಮಿತಿಯೂ ತಾನಾಗಿ ಕಾಣುತ್ತದೆ. ಮುಕ್ಕಾಲು ಗಂಟೆಯೆಂದರೆ 45 ನಿಮಿಷವಾದ್ದರಿಂದ ತಿಥಿಗೆ 3 ನಿಮಿಷ ಕಡಿಮೆ ಬೀಳುತ್ತದೆ. ಪಕ್ಷದ ಕೊನೆಗೆ ಹದಿನೈದು ತಿಥಿಗಳಾಗುವಾಗ 45 ನಿಮಿಷದ ವ್ಯತ್ಯಾಸ. 48 ನಿಮಿಷವನ್ನೇ ಹಿಡಿದರೆ ಹದಿನೈದು ತಿಥಿಗೆ ಸರಿಯಾಗಿ 12 ಗಂಟೆ. ದಿನಕ್ಕೆ ಎರಡು ಭರತ ಇರುವುದರಿಂದ ಹುಣ್ಣಿಮೆಯ ದಿನ ಗಡಿಯಾರ ಮತ್ತೆ ಅಮಾವಾಸ್ಯೆಯ ಹೊತ್ತಿಗೇ ಬಂದು ನಿಲ್ಲುತ್ತದೆ, ಹೊಸ ಪಕ್ಷಕ್ಕೆ ಹೊಸದಾಗಿ ಎಣಿಸಿದರಾಯಿತು. ಬೇರೆ ಬಂದರಿಗೆ ಹೋದರೆ ಏನು ಬದಲಾಗುತ್ತದೆ? ಆರಂಭದ ಹೊತ್ತು ಬದಲಾಗುತ್ತದೆ, ಏಕೆಂದರೆ ಅದನ್ನು ನಿರ್ಧರಿಸುವುದು ತೀರದ ಆಕಾರ ಮತ್ತು ನೀರಿನ ಆಳ. ತಿಥಿಯ ಲೆಕ್ಕ ಬದಲಾಗುವುದಿಲ್ಲ, ಅದನ್ನು ನಿರ್ಧರಿಸುವವನು ಚಂದ್ರ. ನಿಮ್ಮ ತಂದೆಯವರು ಬೇರೆ ಊರಿನ ಅಳಿವೆಗೆ ಹೋದಾಗ ಮೊದಲು ಏನು ಕೇಳುತ್ತಿದ್ದರು ಎಂಬುದನ್ನು ನೆನಪಿಸಿಕೊಳ್ಳಿ. ಇಲ್ಲಿ ಅಮಾವಾಸ್ಯೆಯ ಭರತ ಎಷ್ಟಕ್ಕೆ ಎಂದು ಕೇಳುತ್ತಿದ್ದರೆ ಅವರಿಗೆ ವಿಷಯ ಗೊತ್ತಿತ್ತು, ಡಿಗ್ರಿಯ ಮಾತು ಬಾರದಿದ್ದರೂ ಸರಿಯೇ.

ತದಡಿಯ ಓದುಗ

ಹೌದು, ಅದನ್ನೇ ಕೇಳುತ್ತಿದ್ದರು.

ಕುಮಟಾದ ಪಾಲಕ

ಉಪನ್ಯಾಸಕರ ವಾದವನ್ನು ಒಪ್ಪುತ್ತೇನೆ, ಆದರೆ ಅರ್ಧಕ್ಕೆ ಮಾತ್ರ. ತಿಳಿದುಕೊಂಡರೆ ನೆನಪಿನಲ್ಲಿ ಉಳಿಯುತ್ತದೆ ಎಂಬುದು ಸರಿಯಿರಬಹುದು. ಆದರೆ ತಿಳಿಸಿಕೊಡುವವರು ಎದುರಿಗಿರಬೇಕಲ್ಲ? ನಮ್ಮ ಮಗಳು ಏಕೆ ಎಂದು ಕೇಳಿದ ಪ್ರಶ್ನೆಗೆ ಟ್ಯೂಶನ್ನಿನಲ್ಲಿ ಸಿಕ್ಕ ಉತ್ತರ, ಅದು ಪರೀಕ್ಷೆಗೆ ಬರುವುದಿಲ್ಲ ಎಂಬುದು. ನಾನು ಬ್ಯಾಂಕಿನ ಕೆಲಸದವನು, ಏಕೆಂಬುದನ್ನು ಹೇಳಲು ನನಗೂ ಬರುವುದಿಲ್ಲ. ಹಾಗಿರುವಾಗ ಅವಳಿಗೆ ಬಾಯಿಪಾಠ ಬಿಡು ಎಂದು ಹೇಳುವ ಧೈರ್ಯ ನನಗಿಲ್ಲ.

ಅಂಕೋಲಾದ ಪಿಯುಸಿ ವಿದ್ಯಾರ್ಥಿನಿ

ಹಿರಿಯರು ಮಾತನಾಡುತ್ತಿರುವಲ್ಲಿ ಬರೆಯಬಹುದೋ ಇಲ್ಲವೋ ಎಂಬ ಅಳುಕಿನಿಂದಲೇ ಬರೆಯುತ್ತಿದ್ದೇನೆ. ಕುಮಟಾದ ಅಂಕಲ್, ಪಾಲಕರಿಗೆ ಉತ್ತರ ಗೊತ್ತಿರಬೇಕಾದ ಅಗತ್ಯವಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಏಳನೆಯವರೆಗೆ ಓದಿದವರು. ಸಂಜೆ ಓದಿದ್ದನ್ನು ಪುಸ್ತಕ ಮುಚ್ಚಿ ಅವರಿಗೆ ತಿಳಿಯುವಂತೆ ಹೇಳಬೇಕೆಂಬ ಪದ್ಧತಿ ಇದೆ. ಅವರು ನಡುವೆ, ಹಾಗಾದರೆ ಇದು ಹೀಗೇಕೆ ಆಗಬಾರದು ಎಂದು ಒಂದು ಮಾತು ಕೇಳುತ್ತಾರೆ. ಆಮ್ಲ, ಪ್ರತ್ಯಾಮ್ಲ ಓದುವಾಗ, ಹುಣಸೆಹುಳಿಯಿಂದ ಉಜ್ಜಿದರೆ ತಾಮ್ರದ ಹಂಡೆ ಬೆಳಗುತ್ತದೆ, ಅಲ್ಯುಮಿನಿಯಂ ಪಾತ್ರೆ ಏಕೆ ಹಾಗೆ ಬೆಳಗುವುದಿಲ್ಲ ಎಂದು ಕೇಳಿದ್ದರು. ಅದಕ್ಕೆ ಉತ್ತರ ಹುಡುಕುವುದರಲ್ಲಿ ಆ ಪಾಠ ಪೂರ್ತಿ ಓದಿದಂತಾಯಿತು. ಆದರೆ ಆವರ್ತಕೋಷ್ಟಕದ ಮೊದಲ ಮೂವತ್ತು ಮೂಲವಸ್ತುಗಳನ್ನು ಬಾಯಿಪಾಠವನ್ನೇ ಮಾಡಿದ್ದೇನೆ, ಅದಕ್ಕೆ ಬೇರೆ ದಾರಿ ಕಾಣಲಿಲ್ಲ.

ಶಿರಸಿಯ ಗಣಿತ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ಯಲ್ಲಾಪುರದ ಸರ್ ಹೇಳಿದ್ದು ಸರಿ, ಜನವರಿಯಲ್ಲಿ ಬುಡದಿಂದ ಕಲಿಸಲಾಗುವುದಿಲ್ಲ. ಜೂನ್ ತಿಂಗಳಿನಲ್ಲಿ ಆರಂಭಿಸಬೇಕು ಮತ್ತು ಪ್ರತಿ ಪಾಠಕ್ಕೆ ಒಂದೇ ಒಂದು ಬದಲಿಸಿದ ಪ್ರಶ್ನೆ ಸಾಕು ಎಂದು ನನಗೆ ತೋರುತ್ತದೆ. ಕಿರುಪರೀಕ್ಷೆಯಲ್ಲಿ ಅಂಕ ಸೇರಿಸದೆ ಅದನ್ನು ಕೇಳಬಹುದು, ಆಗ ಪಾಲಕರ ಆತಂಕಕ್ಕೂ ಅವಕಾಶವಿರುವುದಿಲ್ಲ. ಉತ್ತರ ಗೈಡಿಗೆ ಹೋಗುವಷ್ಟರಲ್ಲಿ ಮತ್ತೆ ಒಂದು ಅಂಶ ಬದಲಿಸಿದರಾಯಿತು, ಬದಲಿಸುವುದಕ್ಕೇನೂ ಖರ್ಚಿಲ್ಲ. ಕತ್ತಿಯ ಪ್ರಶ್ನೆಯನ್ನು ನಮ್ಮ ವಿಜ್ಞಾನದ ಸಹೋದ್ಯೋಗಿಗೆ ಕೊಡುತ್ತೇನೆ, ಮಲೆನಾಡಿನ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಪ್ರಶ್ನೆ ಸಿಗಲಾರದು. ಅದರ ಮುಂದಿನ ಪ್ರಶ್ನೆ ಏನಿರಬಹುದು?

ಕಾರವಾರದ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ನನ್ನ ಕ್ಷೇತ್ರವಲ್ಲದಿದ್ದರೂ ಒಂದನ್ನು ಸೂಚಿಸುತ್ತೇನೆ. ಸುಣ್ಣ ಸರಿಯಾಗಿ ಬಿದ್ದ ಮೇಲೂ ಡ್ರಮ್ಮಿನಲ್ಲಿ ಹಾಕಿದ ತಾಮ್ರವೆಲ್ಲ ಇದ್ದೇ ಇದೆ, ಎಲ್ಲಿಯೂ ಹೋಗಿಲ್ಲ. ಹಾಗಿದ್ದ ಮೇಲೆ ಕತ್ತಿಯ ಮೇಲೆ ಈಗ ಏಕೆ ತಾಮ್ರ ಕೂರುವುದಿಲ್ಲ?

ಅಂಕೋಲಾದ ಪಿಯುಸಿ ವಿದ್ಯಾರ್ಥಿನಿ

ಸರ್, ಸುಣ್ಣದ ನೀರಿನೊಂದಿಗೆ ಸೇರಿದಾಗ ತಾಮ್ರವು ಹೈಡ್ರಾಕ್ಸೈಡ್ ಆಗುತ್ತದೆ, ಅದು ನೀರಿನಲ್ಲಿ ಕರಗುವುದಿಲ್ಲ. ಕತ್ತಿಯ ಕಬ್ಬಿಣದೊಂದಿಗೆ ಸ್ಥಾನ ಬದಲಿಸಿಕೊಳ್ಳಬೇಕಾದರೆ ತಾಮ್ರ ಅಯಾನುಗಳಾಗಿ ನೀರಿನಲ್ಲಿ ಬಿಡಿಯಾಗಿ ಇರಬೇಕು, ಅವು ಈಗ ಇಲ್ಲವೆನ್ನುವಷ್ಟು ಕಡಿಮೆ. ಡ್ರಮ್ಮಿನಲ್ಲಿರುವುದು ಕರಗಿದ ನೀಲಿ ದ್ರಾವಣವಲ್ಲ, ತೇಲುತ್ತಿರುವ ನೀಲಿ ಕಣಗಳು. ಹಾಗಾದರೆ ನನ್ನದೂ ಒಂದು ಪ್ರಶ್ನೆ: ಕರಗದ ತಾಮ್ರ ಕೊಳೆರೋಗವನ್ನು ಹೇಗೆ ತಡೆಯುತ್ತದೆ?

ಶಿರಸಿ ಕಡೆಯ ಅಡಿಕೆ ಬೆಳೆಗಾರ

ತಂಗಿ, ಅದಕ್ಕೆ ಕೃಷಿ ಇಲಾಖೆಯವರು ನಮಗೆ ತಿಳಿಸಿಕೊಟ್ಟ ಉತ್ತರ ಹೀಗಿದೆ. ಕಾಯಿಗೊನೆಯ ಮೇಲೆ ಅಂಟಿಕೊಂಡ ಪದರದಿಂದ ತಾಮ್ರವು ಮಳೆನೀರಿಗೆ ಬಹಳ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಆ ಸ್ವಲ್ಪ ರೋಗದ ಬೀಜಕಣಕ್ಕೆ ಸಾಕು, ಕಾಯಿಯನ್ನು ಸುಡುವುದಕ್ಕೆ ಸಾಲದು. ಕರಗುವ ತಾಮ್ರವಾಗಿದ್ದರೆ ಮೊದಲು ಕಾಯಿಯನ್ನು ಸುಟ್ಟು ಮೊದಲ ಮಳೆಗೇ ತೊಳೆದುಹೋಗುತ್ತಿತ್ತು. ಪದರವೂ ಸವೆಯುವುದರಿಂದ 40-45 ದಿನಕ್ಕೆ ಎರಡನೆಯ ಸಲ ಹೊಡೆಯಬೇಕು. ಮಳೆ ಬಿಡದೆ ಹಿಡಿದ ವರ್ಷ ಆ ಲೆಕ್ಕವನ್ನೂ ನಂಬಿ ಕೂರುವಂತಿಲ್ಲ, ಕಾಯಿಗೊನೆಯನ್ನು ಇಳಿಸಿ ಪದರ ಉಳಿದಿದೆಯೇ ಎಂದು ನೋಡಬೇಕು.